ಎಷ್ಟು ದಿನ? ನರಕದ ಬಗ್ಗೆ ಡಮಾಸ್ಕಸ್‌ನಲ್ಲಿ ನಡೆದ ಒಂದು ವಾದ

ಭಾಗ 1

ಫೋಟೋದಲ್ಲಿ ಕಾಣ್ತಿರೋದು ಡಮಾಸ್ಕಸ್ ಕೋಟೆ. ಹಳೇ ಊರಿನ ವಾಯವ್ಯ ಮೂಲೆಯಲ್ಲಿದೆ. ಅಲ್ಲಿಂದ ಬಜಾರಿನೊಳಗೆ ಸ್ವಲ್ಪ ದೂರ ನಡೆದ್ರೆ ಉಮಯ್ಯದ್ ಮಸೀದಿ. ಈ ಕೋಟೆಯೊಳಗೆ 1328ರಲ್ಲಿ ಒಬ್ಬ ಕೈದಿ ಇದ್ರು. ನಿಮ್ಮನ್ನ ಅವರ ಹತ್ರ ಕರ್ಕೊಂಡು ಹೋಗ್ಬೇಕು ಅಂತಿದೀನಿ. ಅದಕ್ಕೂ ಮುಂಚೆ ನಮ್ಮ ಕಾಲೇಜ್ ಕ್ಯಾಂಟೀನಿಗೆ ಬನ್ನಿ, ಎರಡೇ ನಿಮಿಷ.

ಕ್ಲಾಸಿನ ಗೆಳತಿ ಒಬ್ಬಳು ಚಹಾ ಕುಡೀತಾ ಕೇಳಿದ್ಲು: "ನಿಮ್ಮ ಧರ್ಮದ ಪ್ರಕಾರ ನಾನು ನರಕಕ್ಕೆ ಹೋಗ್ತೀನಾ?" ನಗ್ತಾನೇ ಕೇಳಿದ್ದು. ನಾನು ಏನೋ ಹೇಳಿ ಜಾರ್ಕೊಳ್ಳೋಕೆ ನೋಡ್ದೆ. ಅವಳು ಬಿಡ್ಲಿಲ್ಲ. "ಸರಿ, ಹೋದೆ ಅಂತಾನೇ ಇಟ್ಕೋ. ಎಷ್ಟು ದಿನ? ಯಾವಾಗ್ಲೂನಾ?"

ಅಷ್ಟರಲ್ಲಿ ಬೆಲ್ ಹೊಡೀತು. ಚಿಕ್ಕಂದಿನಲ್ಲಿ ಮದ್ರಸಾದಲ್ಲಿ ಕಲಿತ ಉತ್ತರ ನಂಗೆ ಗೊತ್ತಿತ್ತು. ಆದ್ರೆ ಮೂರು ವರ್ಷದಿಂದ ಪಕ್ಕದಲ್ಲಿ ಕೂತ್ಕೊಂಡು ನೋಟ್ಸ್ ಕೊಡೋಳ ಮುಖ ನೋಡ್ಕೊಂಡು ಅದನ್ನ ಹೇಳೋಕೆ ಬಾಯಿ ಬರ್ಲಿಲ್ಲ. ಮನೆಗೆ ಬಂದು ಓದೋಕೆ ಶುರು ಮಾಡ್ದೆ. ಓದ್ತಾ ಓದ್ತಾ ಗೊತ್ತಾಗಿದ್ದೇನಂದ್ರೆ, "ಎಷ್ಟು ದಿನ?" ಅನ್ನೋ ಇದೇ ಪ್ರಶ್ನೆಯನ್ನ ಸುಮಾರು 700 ವರ್ಷದ ಹಿಂದೆ ಒಬ್ಬ ವಿದ್ಯಾರ್ಥಿ ತನ್ನ ಗುರುಗಳಿಗೆ ಕೇಳಿದ್ದ. ಗುರುಗಳೂ ಮೊದಲು ಉತ್ತರ ಕೊಡ್ಲಿಲ್ಲ!

ಒಂದು ಮಾತು ಮೊದಲೇ ಹೇಳ್ತೀನಿ. ನಾನು ಆಲಿಮ್ ಅಲ್ಲ, ಬಿಕಾಂ ಸ್ಟೂಡೆಂಟ್. ಇದು ಫತ್ವಾ ಅಲ್ಲ, ಇತಿಹಾಸ. ಎಂಟು ಭಾಗ ಇದೆ, ನಿಧಾನವಾಗಿ ಓದಿ.

ಭಾಗ 2

ನರಕದ ಕುರಿತ ಚರ್ಚೆ ಇಸ್ಲಾಮಿನಲ್ಲಿ ಪುಸ್ತಕದ ಕೋಣೆಯಲ್ಲಿ ಹುಟ್ಟಿದ್ದಲ್ಲ, ರಕ್ತದಲ್ಲಿ ಹುಟ್ಟಿದ್ದು. 656ರಲ್ಲಿ ಮೂರನೇ ಖಲೀಫಾ ಉಸ್ಮಾನರ ಕೊಲೆಯಾಯ್ತು. ಕೊಂದವರೂ ಮುಸ್ಲಿಮರೇ. ಮುಂದಿನ ವರ್ಷ ಸಿಫ್ಫೀನ್‌ನಲ್ಲಿ ಅಲಿ ಮತ್ತು ಮುಆವಿಯಾ ಅವರ ಸೈನ್ಯಗಳು ಎದುರುಬದುರಾದವು. ಎರಡೂ ಕಡೆ ನಮಾಜ್ ಮಾಡೋರೇ. ಆಗ ಜನ ಕೇಳೋಕೆ ಶುರು ಮಾಡಿದ್ರು: ಇಷ್ಟು ದೊಡ್ಡ ಪಾಪ ಮಾಡಿದವನು ಇನ್ನೂ ಮುಸ್ಲಿಮನೇ? ಸತ್ತ ಮೇಲೆ ಅವನ ಗತಿ ಏನು?

ಖಾರಿಜಿಗಳು ಅನ್ನೋ ಗುಂಪು ಖಡಾಖಂಡಿತವಾಗಿ ಹೇಳಿತು: ಮಹಾಪಾಪ ಮಾಡಿದವನು ಧರ್ಮದಿಂದಲೇ ಹೊರಗೆ, ಬೆಂಕಿ ಅವನಿಗೆ ಶಾಶ್ವತ. ಇದೇ ಗುಂಪಿನವನೊಬ್ಬ 661ರಲ್ಲಿ ಅಲಿಯವರನ್ನ ಕೊಂದ. ಮುರ್ಜಿಆ ಅನ್ನೋರು ಇದಕ್ಕೆ ಪೂರ್ತಿ ಉಲ್ಟಾ. ತೀರ್ಪು ಕೊಡೋದು ನಮ್ಮ ಕೆಲಸ ಅಲ್ಲ, ಮುಂದಕ್ಕೆ ಹಾಕೋಣ, ದೇವರು ನೋಡ್ಕೊಳ್ತಾನೆ ಅಂದ್ರು. ಆಮೇಲೆ ಬಂದ ಮುಅತಝಿಲರು ದೇವರು ನ್ಯಾಯವಂತ, ಮಾತು ತಪ್ಪೋದಿಲ್ಲ, ತೌಬಾ ಮಾಡದೆ ಸತ್ತ ಪಾಪಿ ಬೆಂಕಿಯಲ್ಲೇ ಉಳೀತಾನೆ ಅಂತ ವಾದಿಸಿದ್ರು.

ಕೊನೆಗೆ ಸುನ್ನಿ ಬಹುಮತ ನಿಂತ ಜಾಗ ಇದು: ಎಷ್ಟೇ ಪಾಪ ಮಾಡಿದ್ರೂ ಹೃದಯದಲ್ಲಿ ಸಾಸಿವೆಯಷ್ಟು ಈಮಾನ್ ಇದ್ದವನು ಒಂದಲ್ಲ ಒಂದು ದಿನ ನರಕದಿಂದ ಹೊರಗೆ ಬರ್ತಾನೆ. ಪ್ರವಾದಿಯವರ ಶಫಾಅತ್‌ನಿಂದ, ಅಂದ್ರೆ ಅವರು ಪರವಾಗಿ ಬೇಡಿಕೊಳ್ಳೋದರಿಂದ, ಇಲ್ಲಾ ನೇರವಾಗಿ ದೇವರ ಕರುಣೆಯಿಂದ. ಆದ್ರೆ ಸತ್ಯ ಗೊತ್ತಿದ್ದೂ ತಿರಸ್ಕರಿಸಿದವನಿಗೆ ಬಾಗಿಲು ಮುಚ್ಚಿರುತ್ತೆ. ಇವತ್ತಿಗೂ ಬಹುಮತದ ನಂಬಿಕೆ ಇದೇ. ಮದ್ರಸಾದಲ್ಲಿ ನಾನು ಕಲಿತಿದ್ದೂ ಇದನ್ನೇ.

ಭಾಗ 3

ಇಲ್ಲಿ ಎರಡು ಪ್ರಶ್ನೆ ಬೇರೆ ಬೇರೆ ಅಂತ ಗಮನಿಸಿ. ಒಂದು, ಯಾರು ಹೋಗ್ತಾರೆ? ಇನ್ನೊಂದು, ಎಷ್ಟು ದಿನ?

"ಯಾರು" ಅನ್ನೋದಕ್ಕೆ ದೊಡ್ಡ ಮನಸ್ಸಿನ ಉತ್ತರ ಕೊಟ್ಟವರು ಇಮಾಮ್ ಗಝಾಲಿ (1058-1111). ಫೈಸಲ್ ಅತ್-ತಫ್ರಿಕ ಅನ್ನೋ ಚಿಕ್ಕ ಪುಸ್ತಕದಲ್ಲಿ ಅವರು ಇಸ್ಲಾಮಿನ ಹೊರಗಿರೋರನ್ನ ಮೂರು ಗುಂಪು ಮಾಡ್ತಾರೆ. ಪ್ರವಾದಿಯವರ ಹೆಸರೇ ಕೇಳದವರು ಒಂದು ಗುಂಪು. ಅವರ ಗುಣ, ಅವರ ಸಂದೇಶ ಸರಿಯಾಗಿ ತಲುಪಿದ ಮೇಲೂ ಹಠದಿಂದ ತಳ್ಳಿಹಾಕಿದವರು ಇನ್ನೊಂದು. ಇವೆರಡರ ಮಧ್ಯೆ ಇರೋರು ಹೆಸರು ಕೇಳಿದಾರೆ, ಆದ್ರೆ ಚಿಕ್ಕಂದಿನಿಂದ ಕೇಳಿದ್ದೆಲ್ಲ ತಿರುಚಿದ ಕಥೆ, ಮೋಸಗಾರ ಅಂತ. ಹಾಗಿದ್ದಾಗ ಅವರಿಗೆ ಹುಡುಕಿ ನೋಡ್ಬೇಕು ಅಂತ ಅನ್ನಿಸೋಕೆ ಕಾರಣ ಆದ್ರೂ ಏನಿತ್ತು? ಮೊದಲನೆಯವರೂ ಮಧ್ಯದವರೂ ಕ್ಷಮೆಗೆ ಅರ್ಹರು ಅಂತ ಗಝಾಲಿ ಹೇಳಿದ್ರು. ತಮ್ಮ ಕಾಲದ ರೂಮಿ ಕ್ರೈಸ್ತರು ಮತ್ತು ದೂರದ ತುರ್ಕರಲ್ಲಿ ಹೆಚ್ಚಿನವರನ್ನ ದೇವರ ಕರುಣೆಯ ಒಳಗೇ ಇಟ್ಟರು. ಮೊದಲ ಕ್ರುಸೇಡ್ 1099ರಲ್ಲಿ ಜೆರುಸಲೇಮನ್ನ ಹಿಡಿದದ್ದು ಅವರ ಜೀವನದಲ್ಲೇ ಅಂತ ನೆನಪಿಟ್ಕೊಂಡು ಇದನ್ನ ಓದಿ.

ನನ್ನ ಗೆಳತಿಯ ಮೊದಲನೇ ಪ್ರಶ್ನೆಗೆ ಗಝಾಲಿ ಹತ್ರ ಏನೋ ಇದೆ. ಎರಡನೇ ಪ್ರಶ್ನೆಗೆ ಇಲ್ಲ.

"ಎಷ್ಟು ದಿನ" ಅಂತ ಕೇಳಿದವರು ಕಡಿಮೆ. ಬಹಳ ಹಿಂದೆ ಜಹ್ಮ್ ಇಬ್ನ್ ಸಫ್ವಾನ್ ಅನ್ನೋರು, ಶುರು ಆಗಿದ್ದಕ್ಕೆಲ್ಲ ಕೊನೆ ಇರಲೇಬೇಕು, ಆದ್ದರಿಂದ ಸ್ವರ್ಗ ನರಕ ಎರಡೂ ಒಂದಿನ ಮುಗೀತವೆ ಅಂದಿದ್ರು. 746ರಲ್ಲಿ ಒಂದು ಬಂಡಾಯದಲ್ಲಿ ಸಿಕ್ಕಿಹಾಕ್ಕೊಂಡು ಅವರಿಗೆ ಮರಣದಂಡನೆ ಆಯ್ತು. ಆಮೇಲೆ "ಜಹ್ಮಿ" ಅನ್ನೋದು ಒಂದು ಬೈಗುಳವೇ ಆಗಿಹೋಯ್ತು. ಹಾಗಾಗಿ ಈ ವಿಷಯ ಮುಟ್ಟೋಕೆ ಎಲ್ಲರಿಗೂ ಹೆದರಿಕೆ.

ಭಾಗ 4

ಈಗ ಕೋಟೆಗೆ ಹೋಗೋಣ.

ಕೈದಿಯ ಹೆಸರು ಇಬ್ನ್ ತೈಮಿಯ್ಯ. ಹೆಸರು ಕೇಳಿದ ತಕ್ಷಣ ಕೆಲವರು ಹುಬ್ಬು ಗಂಟಿಕ್ತೀರಿ, ಗೊತ್ತು. ಕಠೋರ ಮನುಷ್ಯ. ಸೂಫಿಗಳ ಜೊತೆ ಜಗಳ, ತರ್ಕಶಾಸ್ತ್ರದವರ ಜೊತೆ ಜಗಳ, ಮಂಗೋಲರ ವಿರುದ್ಧ ಫತ್ವಾ. ಇವತ್ತಿನ ಉಗ್ರರು ಬಾಯಿಬಿಟ್ಟರೆ ಉದುರಿಸೋ ಹೆಸರು ಇದೇ. 1326ರ ಜುಲೈನಲ್ಲಿ, ಗೋರಿಗಳ ದರ್ಶನಕ್ಕೆ ಅಂತಲೇ ಯಾತ್ರೆ ಹೋಗೋದು ತಪ್ಪು ಅಂತ ಬರೆದಿದ್ದಕ್ಕೆ ಅವರನ್ನ ಈ ಕೋಟೆಯಲ್ಲಿ ಹಾಕಿದ್ರು. ಶಿಷ್ಯ ಇಬ್ನ್ ಕಯ್ಯಿಮ್ ಅವರನ್ನೂ ಹೊಡೆದು, ಊರೆಲ್ಲ ಮೆರವಣಿಗೆ ಮಾಡಿಸಿ ಅದೇ ಕೋಟೆಗೆ ತಳ್ಳಿದ್ರು, ಆದ್ರೆ ಗುರುವಿನಿಂದ ಬೇರೆ ಇಟ್ಟು. (ಇಬ್ನ್ ಕಯ್ಯಿಮ್ ಅಲ್-ಜೌಝಿಯ್ಯ ಅಂದ್ರೆ ಜೌಝಿಯ್ಯ ಮದ್ರಸಾದ ಮೇಲ್ವಿಚಾರಕರ ಮಗ ಅಂತಷ್ಟೇ ಅರ್ಥ. ಅಪ್ಪನ ಕೆಲಸವೇ ಹೆಸರಾಗಿ ಉಳೀತು.)

ಈ ಶಿಷ್ಯನೇ ಹಿಂದೊಮ್ಮೆ ಕೇಳಿದ್ದು, ಬೆಂಕಿಗೆ ಕೊನೆ ಇದೆಯಾ ಅಂತ. ಗುರುಗಳು ಇದು ಬಹಳ ದೊಡ್ಡ ಪ್ರಶ್ನೆ ಅಂದು ಸುಮ್ಮನಾದ್ರು. ಆಮೇಲೆ ಒಂದಿನ ಶಿಷ್ಯನಿಗೆ ಒಂದು ಹಳೇ ಕುರ್‌ಆನ್ ವ್ಯಾಖ್ಯಾನದಲ್ಲಿ ಎರಡನೇ ಖಲೀಫಾ ಉಮರ್ ಅವರು ಹೇಳಿದ್ದು ಅಂತ ಒಂದು ಮಾತು ಸಿಕ್ತು. ಅರೇಬಿಯಾದ ಆಲಿಜ್ ಮರಳುಗಾಡಿನ ಮರಳ ಕಣಗಳಷ್ಟು ಕಾಲ ನರಕದವರು ಅಲ್ಲಿದ್ರೂ, ಅವರು ಹೊರಗೆ ಬರೋ ಒಂದು ದಿನ ಇದ್ದೇ ಇರುತ್ತೆ ಅನ್ನೋದು ಅದರ ಸಾರಾಂಶ. ಆ ಪುಟಕ್ಕೆ ಗುರುತು ಹಾಕಿ, ಇದು ನನಗೆ ಬಿಡಿಸೋಕೆ ಆಗ್ತಿಲ್ಲ ಅಂತ ಹೇಳಿ ಕಳಿಸಿದ್ರು. ಈ ಸಲ ಉತ್ತರ ಬಂತು, ಒಂದು ಪುಸ್ತಕವಾಗಿ. ಇಬ್ನ್ ತೈಮಿಯ್ಯ ಬರೆದ ಕೊನೆಯ ಕೃತಿ ಅದೇ ಅಂತ ಅವರ ಹತ್ತಿರದವರು ದಾಖಲಿಸಿದಾರೆ. ಆಮೇಲೆ ಅವರ ಪುಸ್ತಕ, ಕಾಗದ, ಲೇಖನಿ ಎಲ್ಲ ಕಿತ್ಕೊಂಡ್ರು. ಸಿಕ್ಕ ಚೂರುಗಳ ಮೇಲೆ ಇದ್ದಿಲಲ್ಲಿ ಗೀಚ್ತಿದ್ರಂತೆ. 1328ರ ಸೆಪ್ಟೆಂಬರಿನಲ್ಲಿ ಅಲ್ಲೇ ತೀರ್ಕೊಂಡ್ರು. ಶಿಷ್ಯನನ್ನ ಬಿಟ್ಟಿದ್ದು ಅದರ ನಂತರ.

ಭಾಗ 5

ಹಾಗಾದ್ರೆ ಆ ಪುಸ್ತಕದಲ್ಲಿ ಏನಿದೆ? ತಲೆಬರಹ ನೋಡಿದ್ರೆ ಏನೂ ಅನುಮಾನ ಬರಲ್ಲ: ಸ್ವರ್ಗ ನರಕ ಎರಡೂ ಮುಗೀತವೆ ಅನ್ನೋರಿಗೆ ಖಂಡನೆ. ಒಳಗೆ ಹೋದ್ರೆ ಸ್ವರ್ಗ ಮುಗಿಯೋದಿಲ್ಲ ಅನ್ನೋದಕ್ಕೆ ಗಟ್ಟಿ ಸಾಕ್ಷಿ. ಆಮೇಲೆ ನಿಧಾನಕ್ಕೆ, ನರಕದ ವಿಷಯ ಹಾಗಲ್ಲ ಅಂತ ಒಂದೊಂದೇ ಕಾರಣ ಇಡ್ತಾ ಹೋಗ್ತಾರೆ.

ಅವರು ಮುಖ್ಯವಾಗಿ ಹಿಡಿಯೋದು ಕುರ್‌ಆನ್‌ನ 11ನೇ ಅಧ್ಯಾಯ ಹೂದ್, 107 ಮತ್ತು 108ನೇ ವಚನಗಳನ್ನ. ಮೊದಲನೆಯದು ನರಕದವರ ಬಗ್ಗೆ, ಎರಡನೆಯದು ಸ್ವರ್ಗದವರ ಬಗ್ಗೆ. ಎರಡರ ರಚನೆಯೂ ಒಂದೇ: ಆಕಾಶ ಭೂಮಿ ಇರೋವರೆಗೂ ಅಲ್ಲಿರ್ತಾರೆ, ನಿನ್ನ ಪ್ರಭು ಬೇರೆ ಇಚ್ಛಿಸಿದ್ರೆ ಹೊರತು. ಆದ್ರೆ ಕೊನೆ ಬೇರೆ. ಸ್ವರ್ಗದ ವಚನ ಅದು ಕಡಿದುಹೋಗದ ಕೊಡುಗೆ ಅನ್ನೋ ಭರವಸೆಯಿಂದ ಮುಗಿಯುತ್ತೆ. ನರಕದ ವಚನದಲ್ಲಿ ಆ ಭರವಸೆ ಇಲ್ಲ. ದೇವರು ತಾನು ಇಚ್ಛಿಸಿದ್ದನ್ನ ಮಾಡ್ತಾನೆ ಅಂತ ಮುಗಿಯುತ್ತೆ. ಅಂದ್ರೆ ಒಂದು ಬಾಗಿಲು ತೆರೆದಿಟ್ಟ ಹಾಗೆ.

ನನಗೆ ಅದಕ್ಕಿಂತ ಹಿಡಿಸಿದ ವಾದ ಇನ್ನೊಂದು. ಇದನ್ನ ಎರಡು ಸಲ ಓದಿ. 15ನೇ ಅಧ್ಯಾಯದಲ್ಲಿ ದೇವರು ತನ್ನ ಬಗ್ಗೆ ಹೇಳೋವಾಗ, ಕ್ಷಮಿಸುವವನು, ಕರುಣಾಮಯಿ ನಾನು ಅಂತಾನೆ. ಮುಂದಿನ ವಚನದಲ್ಲಿ ಶಿಕ್ಷಿಸುವವನು ನಾನು ಅಂತ ಹೇಳಲ್ಲ. ನನ್ನ ಶಿಕ್ಷೆ ನೋವಿನದು ಅಂತಾನೆ. ವ್ಯತ್ಯಾಸ ಗೊತ್ತಾಯ್ತಾ? ಕರುಣೆ ಅವನ ಹೆಸರು. ಶಿಕ್ಷೆ ಅವನು ಮಾಡೋ ಕೆಲಸಗಳಲ್ಲಿ ಒಂದು. ಹೆಸರು ಅವನಷ್ಟೇ ಶಾಶ್ವತ, ಕೆಲಸ ಉದ್ದೇಶ ಮುಗಿದ ಮೇಲೆ ಮುಗೀಬಹುದು. ಬೆಂಕಿ ಇರೋದು ಕೊಳೆ ತೆಗೆಯೋಕೆ. ಕೊಳೆ ಹೋದ ಮೇಲೂ ಸುಡ್ತಾನೇ ಇದ್ರೆ ಅದರಲ್ಲಿ ಯಾವ ವಿವೇಕ ಇದೆ ಅಂತ ಗುರು ಶಿಷ್ಯ ಇಬ್ಬರೂ ಕೇಳ್ತಾರೆ.

ಕುರ್‌ಆನ್‌ನ 114 ಅಧ್ಯಾಯಗಳಲ್ಲಿ 113 ಶುರುವಾಗೋದು ರಹ್ಮಾನ್, ರಹೀಮ್ ಅನ್ನೋ ಹೆಸರುಗಳಿಂದಲೇ. ಅರಬಿಯಲ್ಲಿ ತಾಯಿಯ ಗರ್ಭಕ್ಕೆ ಹೇಳೋ ಪದವೂ ಇದೇ ಧಾತುವಿನದು. ದೇವರು ಕರುಣೆಯನ್ನ ನೂರು ಭಾಗ ಮಾಡಿ 99ನ್ನ ತನ್ನ ಹತ್ರ ಇಟ್ಕೊಂಡ, ಒಂದೇ ಒಂದನ್ನ ಭೂಮಿಗೆ ಕಳಿಸಿದ, ಪ್ರಾಣಿ ತನ್ನ ಮರಿಗೆ ತಾಗದ ಹಾಗೆ ಗೊರಸು ಎತ್ತೋದು ಆ ಒಂದು ಭಾಗದಿಂದ ಅಂತ ಪ್ರಸಿದ್ಧ ಹದೀಸ್ ಇದೆ. ನಾವು ನೋಡಿರೋ ಅಮ್ಮಂದಿರೆಲ್ಲ ಸೇರಿ ಒಂದು ಪರ್ಸೆಂಟ್!

ಭಾಗ 6

ಗುರು ಸತ್ತ ಮೇಲೆ ಇಬ್ನ್ ಕಯ್ಯಿಮ್ ಈ ವಾದವನ್ನ ಕೈಬಿಡ್ಲಿಲ್ಲ. 1340ರ ದಶಕದಲ್ಲಿ ಸ್ವರ್ಗದ ವರ್ಣನೆಗೇ ಮೀಸಲಾದ ಹಾದಿ ಅಲ್-ಅರ್ವಾಹ್ ಅನ್ನೋ ಪುಸ್ತಕದಲ್ಲಿ ಇದನ್ನ ಇನ್ನೂ ವಿಸ್ತಾರ ಮಾಡಿದ್ರು. ಅಲ್ಲಿ ಅವರಿಗೆ ಒಂದು ದೊಡ್ಡ ತೊಡಕು. ಕುರ್‌ಆನ್‌ನಲ್ಲಿ ಮೂರು ಕಡೆ ನರಕದವರ ಬಗ್ಗೆ "ಅಬದನ್" ಅಂತ ಇದೆ, ಅಂದ್ರೆ ಎಂದೆಂದಿಗೂ. ಇದಕ್ಕೇನು ಹೇಳ್ತೀರಿ?

ಅವರ ಉತ್ತರ: ಜೈಲು ನಿಂತಿರೋವಾಗಲೇ ಕೈದಿ ಹೊರಗೆ ಬರೋದು ಬೇರೆ, ಜೈಲೇ ಕುಸಿದು ಬಿದ್ದು ಸೆರೆವಾಸ ಮುಗಿಯೋದು ಬೇರೆ. ನರಕ ಇರೋವರೆಗೂ ಅವರು ಅಲ್ಲಿಂದ ಹೊರಗೆ ಬರಲ್ಲ, ಒಪ್ಪಿದೆ. ಆದ್ರೆ ನರಕವೇ ಇಲ್ಲದಾದ್ರೆ?

ಈ ಹೋಲಿಕೆ ಓದಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಬರೆದವನು ಜೈಲು ಕಂಡವನು. ಬಾಗಿಲು ತೆರೆಯೋ ಮುಂಚೆಯೇ ಗುರು ಅದೇ ಗೋಡೆಗಳ ಒಳಗೆ ಸತ್ತಿದ್ದನ್ನ ಕಂಡವನು.

ಹಾಗಂತ ಅವರು ವಿರುದ್ಧ ಪಕ್ಷವನ್ನ ಬಚ್ಚಿಡ್ಲಿಲ್ಲ. ಎರಡೂ ಕಡೆಯ ವಾದ ಇಟ್ಟು, ಕೊನೆಗೆ ನಿಮ್ಮ ಹೆಜ್ಜೆ ಎಲ್ಲಿಗೆ ಬಂದು ನಿಂತಿದೆ ಅಂತ ಕೇಳಿದ್ರೆ, ಅದೇ ಹೂದ್ ಅಧ್ಯಾಯದ ವಚನಕ್ಕೇ, ದೇವರ ಇಚ್ಛೆಗೇ ಬಿಟ್ಟು ನಿಲ್ಲಿಸ್ತಾರೆ. ಬೇರೆ ಕೃತಿಯೊಂದರಲ್ಲಿ ಅವರು ಬಹುಮತದ ಮಾತನ್ನೇ ಹೇಳಿದ್ದೂ ಇದೆ. ಯಾವುದು ಮೊದಲು ಬರೆದದ್ದು, ಯಾವುದು ಆಮೇಲೆ ಅಂತ ವಿದ್ವಾಂಸರು ಈಗಲೂ ಕಿತ್ತಾಡ್ತಾರೆ.

ಒಂದು ತಮಾಷೆ ನೋಡಿ. ಇದೇ ಊರಿನ ಕಾಸಿಯೂನ್ ಬೆಟ್ಟದ ತಪ್ಪಲಲ್ಲಿ ಸೂಫಿ ಇಬ್ನ್ ಅರಬಿ (ಮರಣ 1240) ಮಲಗಿದಾರೆ, ಎರಡನೇ ಫೋಟೋ ಅವರ ಗೋರಿ ಇರೋ ಮಸೀದಿ. ನರಕ ಮುಗಿಯಲ್ಲ ನಿಜ, ಆದ್ರೆ ಒಂದು ಹಂತದಲ್ಲಿ ಅದರ ನೋವು ಅಲ್ಲಿರೋರಿಗೆ ಸಿಹಿಯಾಗಿಬಿಡುತ್ತೆ ಅಂತ ಅವರು ಬರೆದಿದ್ರು. ಅರಬಿಯಲ್ಲಿ ಯಾತನೆ ಮತ್ತು ಸಿಹಿ ಅನ್ನೋ ಪದಗಳ ಧಾತು ಒಂದೇ! ಇಬ್ನ್ ತೈಮಿಯ್ಯ ಜೀವನವಿಡೀ ಇಬ್ನ್ ಅರಬಿಯನ್ನ ಬೈದ್ರು. ಕರುಣೆಗೆ ಸೋಲಿಲ್ಲ ಅನ್ನೋ ಒಂದು ವಿಷಯದಲ್ಲಿ ಮಾತ್ರ ಇಬ್ಬರೂ ಬೇರೆ ಬೇರೆ ದಾರಿಯಿಂದ ಬಂದು ಅಕ್ಕಪಕ್ಕ ನಿಂತ್ರು.

ಭಾಗ 7

ಎದುರು ಪಕ್ಷದವರನ್ನ ವಿಲನ್ ಮಾಡ್ಬೇಡಿ. ತಕಿಯುದ್ದೀನ್ ಸುಬ್ಕಿ ಡಮಾಸ್ಕಸ್‌ನ ಶಾಫಿಈ ಮುಖ್ಯ ಖಾಜಿ, ದೊಡ್ಡ ವಿದ್ವಾಂಸರು. 1348ರ ಮಾರ್ಚ್ ಸುಮಾರಿಗೆ ಅವರು ಒಂದು ಉತ್ತರ ಬರೆದ್ರು. ಸ್ವರ್ಗ ನರಕ ಎರಡೂ ಉಳೀತವೆ ಅನ್ನೋದೇ ಅದರ ತಲೆಬರಹ. ಶಾಶ್ವತ ಅಂತ ಹೇಳೋ ವಚನಗಳನ್ನ ಸಾಲುಸಾಲಾಗಿ ಜೋಡಿಸಿ, ಇಷ್ಟು ಸ್ಪಷ್ಟ ಇರೋದನ್ನ, ಇಡೀ ಸಮುದಾಯ ಒಪ್ಪಿಕೊಂಡಿರೋದನ್ನ ಒಬ್ಬಿಬ್ಬರ ಊಹೆಗೆ ಬಿಟ್ಟುಕೊಡೋಕೆ ಆಗುತ್ತಾ ಅಂದ್ರು.

ತಲೆಬರಹದ ಪದಗಳ ಹತ್ರ ಒಂದು ನಿಮಿಷ ನಿಲ್ಲಿ. ಮುಗಿದುಹೋಗೋದಕ್ಕೆ ಅರಬಿಯಲ್ಲಿ "ಫನಾ", ಆಮಿರ್ ಖಾನ್ ಸಿನಿಮಾದಿಂದ ನಿಮಗೂ ಗೊತ್ತು. ಉಳಿಯೋದಕ್ಕೆ "ಬಕಾ". ನಮ್ಮ ಕನ್ನಡದ "ಬಾಕಿ" ಬಂದಿದ್ದು ಅದೇ ಧಾತುವಿನಿಂದ. ದಿನಾ ಅಕೌಂಟೆನ್ಸಿ ಕ್ಲಾಸಲ್ಲಿ ಬಾಕಿ ಬಾಕಿ ಅಂತ ಬರೀತಾ ಇದ್ದೆ, ಇಷ್ಟು ದೊಡ್ಡ ಜಗಳದ ಪದ ಅದು ಅಂತ ಗೊತ್ತೇ ಇರ್ಲಿಲ್ಲ. ಉತ್ತರ ಕರ್ನಾಟಕದವರ "ಹಿಶೇಬು" ಕೂಡ ಕಯಾಮತ್ ದಿನದ "ಹಿಸಾಬ್" ಪದವೇ. ಸಾಲ "ಮಾಫಿ"ಯೂ ಅರಬಿಯ ಕ್ಷಮೆಯ ಪದದ ಸಂಬಂಧಿ. ಹಿಶೇಬು, ಬಾಕಿ, ಮಾಫಿ. ಈ ವಾದ ಪೂರ್ತಿ ಈ ಮೂರು ಪದದಲ್ಲೇ ಇದೆ ಅನ್ಸುತ್ತೆ ನಂಗೆ.

ಇನ್ನು ಆ ಉಮರ್ ಅವರ ಮಾತು. ಅದು ನಿಜವಾಗ್ಲೂ ಅವರದ್ದೇನಾ? ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ ಇಲ್ಲಿ ಗುರುಶಿಷ್ಯರ ಪಕ್ಷ ಸೊರಗುತ್ತೆ. ಅದನ್ನ ಉಮರ್ ಅವರಿಂದ ಅಂತ ಹೇಳಿರೋರು ಬಸ್ರಾದ ಹಸನ್. ಹಸನ್ ಹುಟ್ಟಿದ್ದು 642ರಲ್ಲಿ, ಉಮರ್ ತೀರಿಕೊಂಡಿದ್ದು 644ರಲ್ಲಿ. ಎರಡು ವರ್ಷದ ಕೂಸು ಏನು ಕೇಳಿಸ್ಕೊಂಡಿರುತ್ತೆ? ಮಧ್ಯೆ ಒಂದು ಕೊಂಡಿ ಕಡಿದಿದೆ. ವೋಚರ್ ಇಲ್ಲದ ಎಂಟ್ರಿ ಥರ. ನಂಬಿಕೆ ಇಲ್ಲದಿದ್ರೆ ಹಸನ್ ಅಂಥವರು ಧೈರ್ಯವಾಗಿ ಹೇಳ್ತಿರ್ಲಿಲ್ಲ ಅಂತ ಇಬ್ನ್ ಕಯ್ಯಿಮ್ ಸಮರ್ಥಿಸ್ತಾರೆ. ಯೆಮನ್‌ನ ಸನ್‌ಆನಿ ಅವರು 18ನೇ ಶತಮಾನದಲ್ಲಿ ಈ ಇಡೀ ವಾದವನ್ನ ಬಿಡಿಬಿಡಿಯಾಗಿ ಖಂಡಿಸಿ ಪುಸ್ತಕ ಬರೆದಾಗ ಹಿಡಿದಿದ್ದು ಇದೇ ಹುಳುಕನ್ನ. ಸನ್‌ಆನಿ ಅವರದ್ದೇ ಸರಿ ಅನ್ಸುತ್ತೆ, ಈ ಒಂದು ಅಂಶದಲ್ಲಿ. ಆದ್ರೆ ಹೆಸರು ಬೇರೆ ಕೆಲಸ ಬೇರೆ ಅನ್ನೋ ವಾದ ಮರಳ ಕಣಗಳ ಮೇಲೆ ನಿಂತಿಲ್ಲ. ಈಜಿಪ್ಟಿನಲ್ಲಿದ್ದ ರಶೀದ್ ರಿದಾ (ಮರಣ 1935) ತಮ್ಮ ಕುರ್‌ಆನ್ ವ್ಯಾಖ್ಯಾನದಲ್ಲಿ ಇಬ್ನ್ ಕಯ್ಯಿಮ್ ಅವರ ಪುಟಗಟ್ಟಲೆ ಮಾತನ್ನ ಎತ್ತಿ ಹಾಕಿದ್ದು ಅದಕ್ಕೇ ಇರ್ಬೇಕು.

ಭಾಗ 8

ಸುಬ್ಕಿ ಬರೆದು ಮುಗಿಸಿ ನಾಲ್ಕೇ ತಿಂಗಳು. ಡಮಾಸ್ಕಸ್‌ಗೆ ಪ್ಲೇಗ್ ಬಂತು. ಯೂರೋಪನ್ನ ಅರ್ಧ ಖಾಲಿ ಮಾಡಿದ ಅದೇ ಕಪ್ಪು ಸಾವು.

1348ರ ಜುಲೈ ಕೊನೆಯಲ್ಲಿ ಆ ಊರಿಗೆ ಬಂದ ಒಬ್ಬ ಪ್ರವಾಸಿ ಅಲ್ಲಿ ನಡೆದದ್ದನ್ನ ಬರೆದಿಟ್ಟಿದಾರೆ. ಅವರನ್ನ ನಾವೂ ಬಲ್ಲೆವು, ಇಬ್ನ್ ಬತೂತ. ಅದಕ್ಕೆ ಆರು ವರ್ಷ ಮುಂಚೆ, 1342ರ ಸುಮಾರಿಗೆ, ನಮ್ಮ ಕರಾವಳಿಯಲ್ಲೇ ಓಡಾಡಿದವರು. ಬಾರ್ಕೂರು, ಮಂಗಳೂರು ನೋಡಿದಾರೆ, ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ ಇದ್ವು ಅಂತ ಬರೆದಿದಾರೆ. (ಅವರು ಹೇಳಿದ್ದೆಲ್ಲ ನಂಬೋಕಾಗಲ್ಲ. 1326ರ ಆಗಸ್ಟಿನಲ್ಲಿ ಮೊದಲ ಸಲ ಡಮಾಸ್ಕಸ್‌ಗೆ ಬಂದಾಗ ಇಬ್ನ್ ತೈಮಿಯ್ಯ ಮಸೀದಿಯಲ್ಲಿ ಪ್ರವಚನ ಮಾಡೋದನ್ನ ಕಣ್ಣಾರೆ ಕಂಡೆ ಅಂತಾರೆ. ಪಾಪ, ಆಗ ಅವರು ಆಗಲೇ ಕೋಟೆಯೊಳಗೆ ಒಂದು ತಿಂಗಳಾಗಿತ್ತು.) ಆದ್ರೆ ಪ್ಲೇಗ್ ಸಮಯದ ಆ ಪ್ರಾರ್ಥನೆಯನ್ನ ಆ ಊರಲ್ಲೇ ಇದ್ದ ಇತಿಹಾಸಕಾರ ಇಬ್ನ್ ಕಸೀರ್ ಕೂಡ ದಾಖಲಿಸಿದಾರೆ.

ಮೂರು ದಿನ ಉಪವಾಸ ಅಂತ ಊರಿನ ಆಡಳಿತಗಾರ ಡಂಗುರ ಸಾರಿಸಿದ. ಹಗಲು ಬಜಾರಿನಲ್ಲಿ ಅಡುಗೆ ಮಾಡಿ ಮಾರೋ ಹಾಗಿಲ್ಲ. ಗುರುವಾರ ರಾತ್ರಿ ಉಮಯ್ಯದ್ ಮಸೀದಿಯಲ್ಲಿ ಕಾಲಿಡೋಕೆ ಜಾಗ ಇರ್ಲಿಲ್ಲ. ಅಮೀರರು, ಖಾಜಿಗಳು, ಹಮಾಲರು ಎಲ್ಲ ಒಟ್ಟಿಗೆ. ಶುಕ್ರವಾರ ಬೆಳಗಿನ ನಮಾಜ್ ಮುಗಿಸಿ ಎಲ್ಲರೂ ಬರಿಗಾಲಲ್ಲಿ ಹೊರಟ್ರು, ಊರ ಹೊರಗಿನ ಕದಂ ಮಸೀದಿಗೆ. ಮುಸ್ಲಿಮರ ಕೈಯಲ್ಲಿ ಕುರ್‌ಆನ್. ಅವರ ಜೊತೆ ಯಹೂದಿಗಳು ತೌರಾತ್ ಹಿಡ್ಕೊಂಡು, ಕ್ರೈಸ್ತರು ಇಂಜೀಲ್ ಹಿಡ್ಕೊಂಡು, ಹೆಂಗಸರು ಮಕ್ಕಳ ಸಮೇತ. ಎಲ್ಲರೂ ಅಳ್ತಾ, ತಮ್ಮ ತಮ್ಮ ಗ್ರಂಥದ ಹೆಸರಲ್ಲಿ, ಒಂದೇ ದೇವರ ಹತ್ರ ರಹಮ್ ಬೇಡ್ತಾ ಮಧ್ಯಾಹ್ನದವರೆಗೂ ಅಲ್ಲೇ ಇದ್ರು.

ಆ ಊರಿನ ಮುಖ್ಯ ಖಾಜಿ ಆಗ ಸುಬ್ಕಿ. ಇಬ್ನ್ ಕಯ್ಯಿಮ್ ಅವರಿಗೆ ಇನ್ನೂ ಎರಡು ವರ್ಷ ಆಯಸ್ಸಿತ್ತು. ಕಾಯಿಲೆ ಅಲ್ಲಿ ಒಂದೇ ದಿನ 2,000 ಜನರವರೆಗೂ ತಗೊಂಡು ಹೋಯ್ತು ಅಂತ ಇಬ್ನ್ ಬತೂತ ಬರೀತಾರೆ. ಕೈರೋದಲ್ಲಿ ಅದಕ್ಕಿಂತ ಎಷ್ಟೋ ಜಾಸ್ತಿ ಇತ್ತಂತೆ. ಈ ಪ್ರಾರ್ಥನೆಯಿಂದಲೇ ದೇವರು ಡಮಾಸ್ಕಸ್‌ನ ಹೊರೆ ಕಡಿಮೆ ಮಾಡಿದ ಅನ್ನೋದು ಅವರ ನಂಬಿಕೆ.

ಕೊನೇ ಫೋಟೋ ಕ್ಯಾಂಟೀನ್ ಟೇಬಲ್ದು. ಕೇಳಿದವಳನ್ನ ಅದರಲ್ಲಿ ಟ್ಯಾಗ್ ಮಾಡಿದೀನಿ. ಓದಿ ಮುಗಿಸಿ ಬಾರೇ, ಚಹಾ ನಂದು.